ಸಂತಾನ ನಿಯಂತ್ರಣ ನೀತಿ ಮತ್ತು ಮಹಿಳೆಯರ ಮತ: ಹಾಗಲವಾಡಿ ಸೀಮೆಯ ಹಿನ್ನೆಲೆಯಲ್ಲಿ ಒಂದು ಅವಲೋಕನ

ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಹಾಗಲವಾಡಿಯು ಕರ್ನಾಟಕ ಇತಿಹಾಸದ ಅಭ್ಯಾಸಿಗಳಿಗೆ ಪರಿಚಿತವಾಗಿರುವುದು ಅಲ್ಲಿ ಆಳಿದ ಪಾಳೆಯಗಾರರ ಮೂಲಕ. ನೆರೆಯ ಚಿಕ್ಕನಾಯಕನಹಳ್ಳಿಗೆ ಆ ಹೆಸರು ಬಂದದ್ದು ಇದೇ ಮನೆತನದ ಚಿಕ್ಕನಾಯಕನಿಂದ ಎಂಬುದು ಗೆಜೆಟಿಯರುಗಳಲ್ಲಿ ದಾಖಲಾಗಿರುವ ಸಂಗತಿ. ಈ ಮನೆತನದ ವಂಶಾವಳಿ, ಕೆರೆಕಟ್ಟೆ, ದಾನಶಾಸನಗಳು ವಿದ್ವಾಂಸರ ಗಮನ ಸೆಳೆದಿವೆ. ಆದರೆ ಪಾಳೆಯಪಟ್ಟು ಅಳಿದು ಹೋಬಳಿ ಕೇಂದ್ರವಾಗಿ ಉಳಿದ ಹಾಗಲವಾಡಿಯಂಥ ಊರುಗಳ ಇತ್ತೀಚಿನ ನೂರು ವರ್ಷಗಳ ಚರಿತ್ರೆ, ಅದರಲ್ಲಿಯೂ ಅಲ್ಲಿನ ಹೆಣ್ಣುಮಕ್ಕಳ ಚರಿತ್ರೆ, ಸಂಶೋಧನೆಯ ಅಂಚಿನಲ್ಲಿಯೇ ಉಳಿದಿದೆ. ರಾಗಿ, ಹುರುಳಿ, ತೆಂಗುಗಳನ್ನು ನಂಬಿದ ಈ ಸೀಮೆಯ ಮನೆಗಳೊಳಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ಪ್ರಭುತ್ವವು ಎರಡು ಬಾಗಿಲುಗಳಿಂದ ಪ್ರವೇಶಿಸಿತು. ಒಂದು, ಮತದಾರರ ಪಟ್ಟಿ. ಇನ್ನೊಂದು, ಕುಟುಂಬ ಯೋಜನೆಯ ದಾಖಲೆ ಪುಸ್ತಕ. ಈ ಎರಡರಲ್ಲಿಯೂ ಒಬ್ಬಳೇ ಹೆಣ್ಣುಮಗಳ ಹೆಸರು ಇದೆ. ಅವೆರಡರ ನಡುವಣ ಸಂಬಂಧವೇನು ಎಂಬುದು ಈ ಪ್ರಬಂಧದ ವಿಷಯ.

ಈ ಕುರಿತು ಪ್ರಚಲಿತವಾಗಿರುವ ಒಂದು ಅಭಿಪ್ರಾಯವಿದೆ. ತುರ್ತು ಪರಿಸ್ಥಿತಿಯ ಕಾಲದ ಬಲವಂತದ ಸಂತಾನಹರಣ ಚಿಕಿತ್ಸೆಯೇ 1977ರಲ್ಲಿ ಕೇಂದ್ರ ಸರ್ಕಾರವನ್ನು ಉರುಳಿಸಿತು, ಹೀಗಾಗಿ ಸಂತಾನ ನಿಯಂತ್ರಣ ನೀತಿಯು ಮತವನ್ನು ನಿರ್ಧರಿಸುತ್ತದೆ ಎಂಬುದು ಆ ಅಭಿಪ್ರಾಯ. ಉತ್ತರ ಭಾರತದ ಮಟ್ಟಿಗೆ ಇದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಕರ್ನಾಟಕದ, ವಿಶೇಷವಾಗಿ ತುಮಕೂರು ಜಿಲ್ಲೆಯ, ಅನುಭವವನ್ನು ಎದುರಿಗಿಟ್ಟುಕೊಂಡಾಗ ಈ ಸೂತ್ರ ನಿಲ್ಲುವುದಿಲ್ಲ. ಇಲ್ಲಿ ಸಂತಾನ ನಿಯಂತ್ರಣ ನೀತಿ ಮಹಿಳೆಯರ ಮತವನ್ನು ಬದಲಿಸಿತು ಎನ್ನುವುದಕ್ಕಿಂತ, ಮತದ ಭಯವು ಆ ನೀತಿಯ ದಿಕ್ಕನ್ನು ಬದಲಿಸಿತು ಎನ್ನುವುದು ವಾಸ್ತವಕ್ಕೆ ಹತ್ತಿರವಾದುದು. ಆ ಭಯವಾದರೂ ಮಹಿಳೆಯರ ಮತದ ಕುರಿತದ್ದಾಗಿರಲಿಲ್ಲ.

ಕಾಲಾನುಕ್ರಮದಲ್ಲಿ ನೋಡಿದರೆ ಮೈಸೂರು ಸೀಮೆಯಲ್ಲಿ ಸಂತಾನ ನಿಯಂತ್ರಣವು ಸಾರ್ವತ್ರಿಕ ಮತದಾನಕ್ಕಿಂತ ಮೊದಲೇ ಬಂದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1930ರಲ್ಲಿ ಮೈಸೂರು ಸರ್ಕಾರವು ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿತು. ಸರ್ಕಾರವೊಂದು ತಾನಾಗಿ ಇಂಥ ಚಿಕಿತ್ಸಾಲಯಗಳನ್ನು ತೆರೆದದ್ದು ಜಗತ್ತಿನಲ್ಲಿ ಇದೇ ಮೊದಲೆಂದು ಜನಸಂಖ್ಯಾ ಇತಿಹಾಸಕಾರರು ಸಾಮಾನ್ಯವಾಗಿ ಉಲ್ಲೇಖಿಸುತ್ತಾರೆ. ಇದು ಅಭಿಮಾನದ ಸಂಗತಿ ಎಂಬಂತೆ ನಮ್ಮಲ್ಲಿ ಪುನರುಕ್ತವಾಗುತ್ತ ಬಂದಿದೆ. ಆದರೆ ಈ ಆದೇಶ ಹೊರಟ ಕಾಲದಲ್ಲಿ ಸಂಸ್ಥಾನದ ಮಹಿಳೆಯರ ರಾಜಕೀಯ ಸ್ಥಾನ ಹೇಗಿತ್ತೆಂಬುದನ್ನು ಜೊತೆಗಿಟ್ಟು ನೋಡಬೇಕು. 1881ರಲ್ಲಿ ಆರಂಭವಾದ ಪ್ರಜಾಪ್ರತಿನಿಧಿ ಸಭೆಗೆ ಮತ ನೀಡುವ ಅವಕಾಶವು ಮಹಿಳೆಯರಿಗೆ 1920ರ ದಶಕದಲ್ಲಿ ದೊರೆಯಿತಾದರೂ, ಅದು ಆಸ್ತಿ, ಕಂದಾಯಗಳ ಅರ್ಹತೆಗೆ ಒಳಪಟ್ಟಿತ್ತು. ಹಾಗಲವಾಡಿಯ ಹೊಲದಲ್ಲಿ ಕಳೆ ಕೀಳುವ ಹೆಣ್ಣಾಳಿಗೆ ಮತವೂ ಇರಲಿಲ್ಲ, ಬೆಂಗಳೂರು, ಮೈಸೂರು ನಗರಗಳ ಚಿಕಿತ್ಸಾಲಯವೂ ಎಟುಕುತ್ತಿರಲಿಲ್ಲ. ಅಖಿಲ ಭಾರತ ಮಹಿಳಾ ಸಮ್ಮೇಳನವು 1930ರ ದಶಕದ ತನ್ನ ಅಧಿವೇಶನಗಳಲ್ಲಿ ಸಂತಾನ ನಿಯಂತ್ರಣದ ಪರವಾಗಿ ನಿರ್ಣಯ ಕೈಗೊಂಡಾಗಲೂ ಆ ಧ್ವನಿ ನಗರದ ವಿದ್ಯಾವಂತ ಮಹಿಳೆಯರದೇ ಆಗಿತ್ತು.

ಸ್ವಾತಂತ್ರ್ಯಾನಂತರ ಹಳ್ಳಿಯ ಮಹಿಳೆಯನ್ನು ಮೊದಲು ಕೇಳಿದವರು ರಾಜಕಾರಣಿಗಳಲ್ಲ, ಸಮೀಕ್ಷಕರು. ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಜೊತೆಗೂಡಿ ನಡೆಸಿದ 'ಮೈಸೂರು ಜನಸಂಖ್ಯಾ ಅಧ್ಯಯನ'ದ ಕ್ಷೇತ್ರಕಾರ್ಯವು 1951-52ರಲ್ಲಿ ನಡೆದು, ವರದಿಯು 1961ರಲ್ಲಿ ಪ್ರಕಟವಾಯಿತು. ಇದೇ ಸುಮಾರಿಗೆ ಡಾ. ಅಬ್ರಹಾಂ ಸ್ಟೋನ್ ಅವರ ಮಾರ್ಗದರ್ಶನದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನ ಪ್ರಯೋಗವೊಂದು ದೆಹಲಿಯ ಲೋದಿ ಕಾಲೊನಿಯಲ್ಲಿಯೂ ನಮ್ಮ ರಾಮನಗರದಲ್ಲಿಯೂ ನಡೆಯಿತು. ತಿಂಗಳ ಸುರಕ್ಷಿತ ದಿನಗಳನ್ನು ಗುರುತಿಸಿಕೊಳ್ಳಲೆಂದು ಮಹಿಳೆಯರಿಗೆ ಬೇರೆ ಬೇರೆ ಬಣ್ಣದ ಮಣಿಗಳ ಸರವನ್ನು ರೂಪಿಸಿಕೊಟ್ಟದ್ದು ಈ ಪ್ರಯೋಗದ ಭಾಗ. ದಿನಕ್ಕೊಂದು ಮಣಿ ಸರಿಸುವ ಈ ವಿಧಾನ ಫಲಿಸಲಿಲ್ಲ. ಆದರೆ ಹೆಚ್ಚು ಮಕ್ಕಳು ಬೇಡವೆಂಬ ಇಚ್ಛೆ ಗ್ರಾಮೀಣ ಮಹಿಳೆಯರಲ್ಲಿ ಆಗಲೇ ಗಣನೀಯವಾಗಿ ಇತ್ತೆಂಬುದು ಈ ಅಧ್ಯಯನಗಳಿಂದ ವ್ಯಕ್ತವಾಗುತ್ತದೆ. ಮುಂದಿನ ಚರ್ಚೆಗೆ ಈ ಅಂಶ ಮುಖ್ಯ. ಸಂತಾನ ನಿಯಂತ್ರಣವೆಂಬುದೇ ಇಲ್ಲಿನ ಹೆಣ್ಣಿಗೆ ಹೊರಗಿನಿಂದ ಬಂದೆರಗಿದ ಆಪತ್ತು ಎಂದು ಭಾವಿಸಿ ಅವಳ ಮತವನ್ನು ವ್ಯಾಖ್ಯಾನಿಸಹೊರಟರೆ ಆರಂಭದಲ್ಲಿಯೇ ದಾರಿ ತಪ್ಪುತ್ತದೆ. ಅವಳ ಪ್ರಶ್ನೆ ಬೇಕೋ ಬೇಡವೋ ಎಂಬುದಾಗಿರಲಿಲ್ಲ; ಯಾವಾಗ, ಹೇಗೆ, ಯಾರ ಮಾತಿನ ಮೇಲೆ ಎಂಬುದಾಗಿತ್ತು.

ಮತದಾರಳಾಗಿ ಅವಳ ಸ್ಥಿತಿ ಏನಿತ್ತು? 1951-52ರ ಮೊದಲ ಮಹಾಚುನಾವಣೆಯ ಪಟ್ಟಿಗಳನ್ನು ಸಿದ್ಧಪಡಿಸುವಾಗ ದೇಶದಲ್ಲಿ ಸುಮಾರು 28 ಲಕ್ಷ ಮಹಿಳೆಯರ ಹೆಸರುಗಳನ್ನು ಕೈಬಿಡಬೇಕಾಯಿತು. ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿ ತಮ್ಮ ಹೆಸರು ಹೇಳಲೊಪ್ಪದವರು ಅವರು. ಇವರಲ್ಲಿ ಬಹುಪಾಲು ಉತ್ತರದ ಪ್ರಾಂತ್ಯಗಳಿಗೆ ಸೇರಿದವರು. ಮೈಸೂರು ಸೀಮೆಯ ಹೆಂಗಸರು ಹೆಸರು ಹೇಳಿದರು. ಆದರೆ ಹೆಸರು ಹೇಳಿದ ಮಾತ್ರಕ್ಕೆ ಮತ ಸ್ವತಂತ್ರವಾಯಿತೆಂದು ತಿಳಿಯಲಾಗದು. 'ವೋಟ್ ಬ್ಯಾಂಕ್' ಎಂಬ ಪದವನ್ನು ಸಮಾಜಶಾಸ್ತ್ರಕ್ಕೆ ಕೊಟ್ಟವರು ಎಂ. ಎನ್. ಶ್ರೀನಿವಾಸ್, 1955ರಲ್ಲಿ, ಮೈಸೂರು ಸೀಮೆಯ ಒಂದು ಹಳ್ಳಿಯ ಕುರಿತು ಬರೆಯುವಾಗ. ಹಳ್ಳಿಯ ಯಜಮಾನ ತನ್ನ ಆಶ್ರಿತರ ಮತಗಳನ್ನು ಒಟ್ಟಾಗಿ ಕೊಡಿಸಬಲ್ಲನೆಂಬುದು ಆ ಪದದ ಮೂಲಾರ್ಥ. ಮನೆಯೊಳಗಿನ ಯಜಮಾನನಿಗೂ ಇದು ಅನ್ವಯಿಸುತ್ತಿತ್ತು. ಚುನಾವಣಾ ಆಯೋಗದ ಅಂಕಿ ಅಂಶಗಳ ಪ್ರಕಾರ 1962ರ ಲೋಕಸಭಾ ಚುನಾವಣೆಯಲ್ಲಿ ದೇಶದ ಪುರುಷರಲ್ಲಿ ಶೇ. 63ರಷ್ಟು ಮಂದಿ ಮತ ಚಲಾಯಿಸಿದರೆ ಮಹಿಳೆಯರಲ್ಲಿ ಶೇ. 47ರಷ್ಟು ಮಂದಿ ಮಾತ್ರ ಚಲಾಯಿಸಿದ್ದರು. ಹದಿನಾರು ಅಂಶಗಳ ಈ ಅಂತರವನ್ನು ಪಕ್ಷಗಳು ಲೆಕ್ಕಕ್ಕೆ ತೆಗೆದುಕೊಂಡಿರದಿದ್ದರೆ ಆಶ್ಚರ್ಯ.

ಕುಟುಂಬ ಯೋಜನೆಯು ಹಳ್ಳಿಯನ್ನು ಗಂಭೀರವಾಗಿ ತಲುಪಿದ್ದು 1960ರ ದಶಕದ ನಡುಭಾಗದಿಂದ ಈಚೆಗೆ. ಕೆಂಪು ತ್ರಿಕೋನ ಗೋಡೆ ಗೋಡೆಗಳ ಮೇಲೆ ಬಂದಿತು. 'ಆರತಿಗೊಬ್ಬಳು, ಕೀರ್ತಿಗೊಬ್ಬ' ಎಂಬ ಮಾತು ಕನ್ನಡ ಮನೆಗಳಲ್ಲಿ ನಾಣ್ಣುಡಿಯಂತೆ ಬಳಕೆಯಾಯಿತು. (ಮಗಳಿಗೆ ಆರತಿಯನ್ನೂ ಮಗನಿಗೆ ಕೀರ್ತಿಯನ್ನೂ ಹಂಚಿದ ಈ ಘೋಷಣೆಯೇ ಪ್ರತ್ಯೇಕ ಅಧ್ಯಯನಕ್ಕೆ ಅರ್ಹವಾದುದು.) ಗರ್ಭಕೋಶದೊಳಗೆ ತೊಡಿಸುವ ಸಾಧನಕ್ಕೆ ಜನ 'ವಂಕಿ' ಎಂದರು, ತೋಳಿಗೆ ತೊಡುವ ಒಡವೆಯ ಹೆಸರು ಅದು. ಸರ್ಕಾರಿ ಕನ್ನಡವು ಶಸ್ತ್ರಚಿಕಿತ್ಸೆಯನ್ನು 'ಸಂತಾನಹರಣ' ಎಂದು ಕರೆದರೆ, ಆಡುಮಾತು ಅದರಲ್ಲಿನ 'ಹರಣ'ವನ್ನು ಬಿಟ್ಟು 'ಆಪರೇಷನ್' ಎಂದಷ್ಟೇ ಹೇಳಿತು. ಇಂದಿಗೂ ಈ ಸೀಮೆಯಲ್ಲಿ ವಿಶೇಷಣವಿಲ್ಲದೆ 'ಆಪರೇಷನ್ ಆಗಿದೆ' ಎಂದರೆ ಅರ್ಥ ಒಂದೇ.

ತುಮಕೂರು ಜಿಲ್ಲೆಯ ವಿಷಯದಲ್ಲಿ ಒಂದು ವಿಶೇಷವನ್ನು ಇಲ್ಲಿ ಹೇಳಬೇಕು. ವಿಶ್ವಬ್ಯಾಂಕ್ ಮತ್ತು ಸ್ವೀಡನ್ ಸರ್ಕಾರಗಳ ನೆರವಿನಿಂದ 1973ರಲ್ಲಿ ಕಾರ್ಯಾರಂಭ ಮಾಡಿದ ಭಾರತ ಜನಸಂಖ್ಯಾ ಯೋಜನೆಗೆ ಆಯ್ದುಕೊಂಡ ಪ್ರದೇಶಗಳು ಎರಡೇ. ಒಂದು ಉತ್ತರ ಪ್ರದೇಶದ ಲಖನೌ ಸುತ್ತಲಿನ ಜಿಲ್ಲೆಗಳು, ಇನ್ನೊಂದು ಕರ್ನಾಟಕದ ಬೆಂಗಳೂರು ವಿಭಾಗ. ತುಮಕೂರು ಈ ವಿಭಾಗಕ್ಕೆ ಸೇರಿದ ಜಿಲ್ಲೆ. ಆರೋಗ್ಯ ಉಪಕೇಂದ್ರಗಳ ನಿರ್ಮಾಣ, ದಾದಿಯರ ತರಬೇತಿ, ಪ್ರಸೂತಿ ಸೌಲಭ್ಯಗಳ ವಿಸ್ತರಣೆ ಈ ಯೋಜನೆಯ ಅಂಗಗಳಾಗಿದ್ದವು. ಅದರ ಮೌಲ್ಯಮಾಪನಕ್ಕೆಂದು ಬೆಂಗಳೂರಿನಲ್ಲಿ ಜನಸಂಖ್ಯಾ ಕೇಂದ್ರವೂ ಸ್ಥಾಪನೆಯಾಯಿತು. ಹೀಗೆ ಒಂದೇ ಯೋಜನೆಯಡಿ ಬಂದ ಲಖನೌ ಮತ್ತು ತುಮಕೂರು ನಾಲ್ಕೇ ವರ್ಷಗಳ ಬಳಿಕ ಮತಪೆಟ್ಟಿಗೆಯಲ್ಲಿ ಪರಸ್ಪರ ವಿರುದ್ಧ ತೀರ್ಪು ನೀಡಿದವು. ಇತಿಹಾಸವು ಇಷ್ಟು ಅಚ್ಚುಕಟ್ಟಾದ ಹೋಲಿಕೆಯನ್ನು ಒದಗಿಸುವುದು ಅಪರೂಪ.

1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಘೋಷಣೆಯಾಯಿತು. 1976ರ ಏಪ್ರಿಲ್ 16ರಂದು ಅಂದಿನ ಆರೋಗ್ಯ ಸಚಿವ ಕರಣ್ ಸಿಂಗ್ ರಾಷ್ಟ್ರೀಯ ಜನಸಂಖ್ಯಾ ನೀತಿಯನ್ನು ಪ್ರಕಟಿಸಿದರು. ಮದುವೆಯ ವಯೋಮಿತಿಯ ಏರಿಕೆ, ರಾಜ್ಯಗಳಿಗೆ ನೀಡುವ ಕೇಂದ್ರ ನೆರವಿನ ಶೇ. 8ರಷ್ಟನ್ನು ಕುಟುಂಬ ಯೋಜನೆಯ ಸಾಧನೆಗೆ ಜೋಡಿಸುವುದು, ಲೋಕಸಭಾ ಸ್ಥಾನಗಳ ಹಂಚಿಕೆಯನ್ನು 1971ರ ಜನಗಣತಿಯ ಆಧಾರದಲ್ಲಿಯೇ 2001ರವರೆಗೆ ಸ್ಥಿರಗೊಳಿಸುವುದು ಇವು ಆ ಹೇಳಿಕೆಯ ಮುಖ್ಯಾಂಶಗಳು. ಮೂರನೆಯ ಅಂಶಕ್ಕೆ ಕೊನೆಯಲ್ಲಿ ಮರಳಲಾಗುವುದು. ಈ ನೀತಿಯ ಅನುಷ್ಠಾನದಲ್ಲಿ ನಡೆದ ಅತಿರೇಕಗಳನ್ನು ನ್ಯಾಯಮೂರ್ತಿ ಜೆ. ಸಿ. ಷಾ ಆಯೋಗ 1978ರಲ್ಲಿ ವರದಿ ಮಾಡಿತು. ಅದರ ಪ್ರಕಾರ 1976-77ನೆಯ ಸಾಲಿನ ಗುರಿ ಸುಮಾರು 42.5 ಲಕ್ಷ ಶಸ್ತ್ರಚಿಕಿತ್ಸೆಗಳು; ನಡೆದದ್ದು 81 ಲಕ್ಷಕ್ಕೂ ಹೆಚ್ಚು. ಚಿಕಿತ್ಸೆಗೆ ಸಂಬಂಧಿಸಿದ ಸಾವಿನ ದೂರುಗಳು 1,774. ಕರ್ನಾಟಕವೂ ಆ ವರ್ಷ ತನ್ನ ಗುರಿಯನ್ನು ಮೀರಿದ ರಾಜ್ಯಗಳಲ್ಲಿ ಒಂದಾಗಿತ್ತು. ಆದುದರಿಂದ ಇಲ್ಲಿ ಒತ್ತಡವೇ ಇರಲಿಲ್ಲವೆಂದು ಹೇಳಿ ಚುನಾವಣಾ ಫಲಿತಾಂಶವನ್ನು ವಿವರಿಸಿಬಿಡಲು ಬರುವುದಿಲ್ಲ.

ಈ ಅಂಕಿಗಳೊಳಗೆ ಅಡಗಿರುವ ಮತ್ತೊಂದು ಅಂಕಿ ನಮ್ಮ ವಿಷಯಕ್ಕೆ ಹೆಚ್ಚು ಸಂಬಂಧಿಸಿದ್ದು. ಆ ಸಾಲಿನಲ್ಲಿ ನಡೆದ ಶಸ್ತ್ರಚಿಕಿತ್ಸೆಗಳಲ್ಲಿ ಸುಮಾರು 62 ಲಕ್ಷ, ಅಂದರೆ ನಾಲ್ಕರಲ್ಲಿ ಮೂರು ಪಾಲು, ಪುರುಷರ ಮೇಲೆ ನಡೆದ ವ್ಯಾಸೆಕ್ಟಮಿಗಳು. ಉತ್ತರದಲ್ಲಿ 'ನಸ್‌ಬಂದಿ' ಎಂಬ ಪದ ಭೀತಿಯ ಸಂಕೇತವಾದದ್ದು ಮೂಲತಃ ಗಂಡಸರ ಭೀತಿಯ ಸಂಕೇತವಾಗಿ. ದೆಹಲಿಯ ತುರ್ಕಮಾನ್ ಗೇಟ್, ಮುಜಫ್ಫರನಗರ, ಹರಿಯಾಣದ ಉತ್ತಾವರ್ ಮೊದಲಾದೆಡೆ ನಡೆದ ಘಟನೆಗಳಲ್ಲಿ ಪೊಲೀಸರ ಎದುರಿಗೆ ನಿಂತವರೂ ಹಿಡಿದೊಯ್ಯಲ್ಪಟ್ಟವರೂ ಹೆಚ್ಚಾಗಿ ಪುರುಷರು. ಅವರ ಮನೆಯ ಹೆಂಗಸರು ಕೋಪಗೊಂಡಿರಲಿಲ್ಲ ಎಂದಲ್ಲ. ಆದರೆ ಆ ಕೋಪವು ಗಂಡನ, ಮಗನ, ಮನೆತನದ ಮಾನದ ಹೆಸರಿನಲ್ಲಿ ವ್ಯಕ್ತವಾಯಿತೇ ಹೊರತು ತನ್ನ ದೇಹದ ಹೆಸರಿನಲ್ಲಿ ಅಲ್ಲ.

1977ರ ಮಾರ್ಚಿಯಲ್ಲಿ ಚುನಾವಣೆ ನಡೆದಾಗ ಉತ್ತರ ಪ್ರದೇಶದ 85, ಬಿಹಾರದ 54, ಹರಿಯಾಣದ 10, ಪಂಜಾಬಿನ 13, ದೆಹಲಿಯ 7 ಸ್ಥಾನಗಳಲ್ಲಿ ಒಂದನ್ನೂ ಕಾಂಗ್ರೆಸ್ ಗೆಲ್ಲಲಿಲ್ಲ. ಕರ್ನಾಟಕದ 28ರಲ್ಲಿ 26 ಸ್ಥಾನಗಳನ್ನು ಗೆದ್ದಿತು. ಬೆಂಗಳೂರು ದಕ್ಷಿಣದಲ್ಲಿ ಕೆ. ಎಸ್. ಹೆಗ್ಡೆ, ಹಾಸನದಲ್ಲಿ ಎಸ್. ನಂಜೇಶಗೌಡ ಇವರಿಬ್ಬರೇ ವಿರೋಧಪಕ್ಷದಿಂದ ಆಯ್ಕೆಯಾದವರು. ತುಮಕೂರು ಕ್ಷೇತ್ರದಿಂದ ಕಾಂಗ್ರೆಸ್ಸಿನ ಕೆ. ಲಕ್ಕಪ್ಪ ಮತ್ತೆ ಗೆದ್ದರು. ಅಖಿಲ ಭಾರತ ಮಟ್ಟದಲ್ಲಿ ಮಹಿಳಾ ಮತದಾನದ ಪ್ರಮಾಣ 1971ರ ಶೇ. 49ರಿಂದ ಶೇ. 55ರ ಸಮೀಪಕ್ಕೆ ಏರಿದ್ದು ಇದೇ ಚುನಾವಣೆಯಲ್ಲಿ. ಮತ ಗುಪ್ತವಾದುದು, ಏರಿದ ಈ ಮತಗಳು ಯಾರಿಗೆ ಬಿದ್ದವೆಂದು ಲಿಂಗವಾರು ಅಂಕಿಗಳು ಹೇಳುವುದಿಲ್ಲ. ಆದರೆ ಇಪ್ಪತ್ತಾರು ಕ್ಷೇತ್ರಗಳ ಗೆಲುವು, ಮತದಾರರಲ್ಲಿ ಸುಮಾರು ಅರ್ಧದಷ್ಟಿರುವ ಮಹಿಳೆಯರು ಒಟ್ಟಾಗಿ ವಿರುದ್ಧ ನಿಂತಿದ್ದರೆ ಸಾಧ್ಯವಾಗುತ್ತಿರಲಿಲ್ಲ ಎಂದು ಹೇಳುವುದಕ್ಕೆ ಗುಪ್ತಮತದಾನ ಅಡ್ಡಿಯಾಗದು.

ಇದಕ್ಕೆ ಕಾರಣಗಳೇನು? ಮೊದಲನೆಯದಾಗಿ ಡಿ. ದೇವರಾಜ ಅರಸರ ಆಡಳಿತ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ, ಗ್ರಾಮೀಣ ಋಣಪರಿಹಾರ, ನಿವೇಶನ ಹಂಚಿಕೆ, ಹಾವನೂರು ಆಯೋಗದ ವರದಿಯ ಅನುಷ್ಠಾನ ಇವುಗಳಿಂದ ಹಳ್ಳಿಯ ಬಡವರ್ಗಕ್ಕೆ ಸರ್ಕಾರವು ಕೊಡುವ ಕೈಯಾಗಿ ಕಂಡಿತ್ತು. ಗೇಣಿದಾರನ ಹೆಂಡತಿಗೆ ಉಳುವ ನೆಲ ಗಂಡನ ಹೆಸರಿನಲ್ಲಿಯಾದರೂ ತಮ್ಮದಾಗುತ್ತದೆಂಬುದು ದೊಡ್ಡ ಸಂಗತಿ. ಎರಡನೆಯದಾಗಿ, ಈ ಭಾಗದಲ್ಲಿ ಆಪರೇಷನ್ ಎಂಬುದು ಅಪರಿಚಿತ ಪೊಲೀಸ್ ಜೀಪಿನ ಜೊತೆ ಬಂದದ್ದಲ್ಲ. ಪರಿಚಯದ ನರ್ಸಮ್ಮನ ಮೂಲಕ, ಹೆರಿಗೆ ಚುಚ್ಚುಮದ್ದುಗಳ ಜೊತೆ ಬಂದದ್ದು. ಮೂರನೆಯದಾಗಿ, ವಿರೋಧಪಕ್ಷಗಳಿಗೆ ಇಲ್ಲಿನ ಹಳ್ಳಿಗಳಲ್ಲಿ ಸಂಘಟನೆ ದುರ್ಬಲವಾಗಿತ್ತು. ಈ ಮೂರರಲ್ಲಿ ಮೊದಲನೆಯದೇ ನಿರ್ಣಾಯಕವೆಂದು ತೋರುತ್ತದೆ. ಏಕೆಂದರೆ 1978ರ ಫೆಬ್ರವರಿಯ ವಿಧಾನಸಭಾ ಚುನಾವಣೆಯ ವೇಳೆಗೆ ಕೇಂದ್ರದಲ್ಲಿ ಜನತಾ ಸರ್ಕಾರವಿದ್ದು, ತುರ್ತು ಪರಿಸ್ಥಿತಿಯ ಅತಿರೇಕಗಳು ಪತ್ರಿಕೆಗಳಲ್ಲಿ ದಿನನಿತ್ಯ ಬರುತ್ತಿದ್ದರೂ, ಅರಸರ ನೇತೃತ್ವದ ಇಂದಿರಾ ಕಾಂಗ್ರೆಸ್ 224ರಲ್ಲಿ 149 ಸ್ಥಾನಗಳನ್ನು ಪಡೆಯಿತು. ಅದೇ ವರ್ಷದ ನವೆಂಬರಿನಲ್ಲಿ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಸ್ವತಃ ಇಂದಿರಾ ಗಾಂಧಿಯವರು ವೀರೇಂದ್ರ ಪಾಟೀಲರನ್ನು 77 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಸೋಲಿಸಿದರು. ಸಂತಾನಹರಣದ ಹೊಣೆಯನ್ನು ಹೊರಬೇಕಾದ ವ್ಯಕ್ತಿಯೇ ಕಣದಲ್ಲಿದ್ದಾಗ ಕನ್ನಡನಾಡಿನ ಒಂದು ಕ್ಷೇತ್ರ ನೀಡಿದ ಉತ್ತರ ಅದು. ಇದನ್ನು ಆ ನೀತಿಗೆ ಮಹಿಳೆಯರು ಕೊಟ್ಟ ಸಮ್ಮತಿಯೆಂದು ಓದುವುದು ತಪ್ಪಾದೀತು. ಮತ ಕೊಡುವಾಗ ಅವಳು ಆ ನೀತಿಯನ್ನು ತೂಕಕ್ಕೆ ಹಾಕುವ ಅವಕಾಶವನ್ನೇ ಯಾವ ಪಕ್ಷವೂ ಕಲ್ಪಿಸಿರಲಿಲ್ಲ ಎಂಬುದು ಹೆಚ್ಚು ಸರಿ.

ಆದರೆ ಆಳುವವರು 1977ರಿಂದ ಒಂದು ಪಾಠ ಕಲಿತರು. ಅದು ಕರ್ನಾಟಕದಿಂದ ಕಲಿತದ್ದಲ್ಲ, ಉತ್ತರ ಪ್ರದೇಶದಿಂದ ಕಲಿತದ್ದು. ಆದರೆ ಜಾರಿಯಾದದ್ದು ಹಾಗಲವಾಡಿಯವರೆಗೂ. ಜನತಾ ಸರ್ಕಾರವು 1977ರಲ್ಲಿ ಬಲಪ್ರಯೋಗವನ್ನು ತಳ್ಳಿಹಾಕಿ, 'ಕುಟುಂಬ ಯೋಜನೆ'ಯ ಹೆಸರನ್ನು 'ಕುಟುಂಬ ಕಲ್ಯಾಣ' ಎಂದು ಬದಲಿಸಿತು. 1977-78ರಲ್ಲಿ ದೇಶದ ಒಟ್ಟು ಶಸ್ತ್ರಚಿಕಿತ್ಸೆಗಳು ಸುಮಾರು 9.5 ಲಕ್ಷಕ್ಕೆ ಕುಸಿದವು. ಇದರಲ್ಲಿ ಪುರುಷರದು 2 ಲಕ್ಷಕ್ಕಿಂತ ಕಡಿಮೆ. ಅಂದರೆ ಹಿಂದಿನ ವರ್ಷ ನಾಲ್ಕರಲ್ಲಿ ಮೂರು ಪಾಲು ಪುರುಷರಾಗಿದ್ದರೆ, ಮರುವರ್ಷ ಐದರಲ್ಲಿ ನಾಲ್ಕು ಪಾಲು ಮಹಿಳೆಯರು. 1980ರಲ್ಲಿ ಇಂದಿರಾ ಗಾಂಧಿಯವರು ಮರಳಿ ಅಧಿಕಾರಕ್ಕೆ ಬಂದ ಬಳಿಕ ಕಾರ್ಯಕ್ರಮ ಚೇತರಿಸಿಕೊಂಡಿತು. ಆದರೆ ಪುರುಷರ ಪಾಲು ಹಿಂದಿನ ಮಟ್ಟಕ್ಕೆ ಮರಳಲಿಲ್ಲ. ಹೊಟ್ಟೆಯ ಮೇಲೆ ಸಣ್ಣ ಗಾಯವಷ್ಟೇ ಮಾಡುವ ಲ್ಯಾಪ್ರೊಸ್ಕೊಪಿ ವಿಧಾನವು 1980ರ ದಶಕದಲ್ಲಿ ತಾಲ್ಲೂಕು ಆಸ್ಪತ್ರೆಯ ಶಿಬಿರಗಳಿಗೆ ಬಂದಿತು. ಒಂದೇ ದಿನ ಹತ್ತಾರು ಹೆಂಗಸರು ಸಾಲಾಗಿ ಮಲಗಿ, ಸಂಜೆಯ ವೇಳೆಗೆ ಮನೆಗೆ ಮರಳುವುದು ವಾಡಿಕೆಯಾಯಿತು. ವೈದ್ಯಕೀಯವಾಗಿ ನೋಡಿದರೆ ಪುರುಷರ ಚಿಕಿತ್ಸೆಯೇ ಸರಳವಾದುದು, ಅಪಾಯ ಕಡಿಮೆಯಾದುದು. ಆದುದರಿಂದ ಈ ಪಲ್ಲಟವನ್ನು ವೈದ್ಯಶಾಸ್ತ್ರದಿಂದ ಮಾತ್ರ ವಿವರಿಸಲಾಗದು. ಗಂಡಸರ ಮತಕ್ಕೆ ಅಂಜಿದ ಪ್ರಭುತ್ವವು ಹೆಂಗಸರ ಮತಕ್ಕೆ ಅಂಜಬೇಕಾಗಿಲ್ಲವೆಂದು ಎಣಿಸಿತು. ಆ ಎಣಿಕೆ ಸುಳ್ಳಾಗಲಿಲ್ಲ.

ಏಕೆ ಸುಳ್ಳಾಗಲಿಲ್ಲ ಎಂಬುದಕ್ಕೆ ಜಾನ್ ಕಾಲ್ಡ್‌ವೆಲ್, ಪಿ. ಎಚ್. ರೆಡ್ಡಿ ಮತ್ತು ಪ್ಯಾಟ್ ಕಾಲ್ಡ್‌ವೆಲ್ ಅವರು ಬೆಂಗಳೂರಿನ ಜನಸಂಖ್ಯಾ ಕೇಂದ್ರದ ಸಹಯೋಗದಲ್ಲಿ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನವು ಸ್ವಲ್ಪ ಬೆಳಕು ಚೆಲ್ಲುತ್ತದೆ. ಅದು 1988ರಲ್ಲಿ ಪುಸ್ತಕರೂಪದಲ್ಲಿ ಬಂದಿತು. ಮದುವೆಯ ವಯಸ್ಸಿನ ಏರಿಕೆ, ಮಕ್ಕಳ ಓದಿನ ಖರ್ಚು, ಅತ್ತೆಯ ಅಧಿಕಾರದ ಇಳಿಕೆ, ಸರ್ಕಾರದ ಮಾತಿಗೆ ಹಳ್ಳಿ ಕೊಡುತ್ತಿದ್ದ ಮನ್ನಣೆ ಇವೆಲ್ಲ ಕೂಡಿ ಚಿಕ್ಕ ಕುಟುಂಬದ ಕಡೆಗೆ ಜನರನ್ನು ತಿರುಗಿಸಿದ ಬಗೆಯನ್ನು ಅವರು ವಿವರಿಸುತ್ತಾರೆ. ಎರಡು ಮೂರು ಮಕ್ಕಳಾದ ಕೂಡಲೇ ಆಪರೇಷನ್ ಮಾಡಿಸಿಕೊಂಡ ಹೆಣ್ಣು ಅದನ್ನು ಸರ್ಕಾರದ ದಬ್ಬಾಳಿಕೆಯಾಗಿ ಅಲ್ಲ, ಅತ್ತೆಯಿಂದ ದೊರೆತ ಬಿಡುಗಡೆಯಾಗಿಯೂ ಕಾಣಬಹುದಾಗಿತ್ತು. ಅವಳಿಗೆ ಬೇರೆ ವಿಧಾನವನ್ನು ಆರಿಸಿಕೊಳ್ಳುವ ಅವಕಾಶ ಹೆಚ್ಚಾಗಿ ಇರಲಿಲ್ಲ ಎಂಬುದೂ ಅಷ್ಟೇ ನಿಜ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ಕರ್ನಾಟಕದ ಒಟ್ಟು ಫಲವಂತಿಕೆ ದರವು 1992-93ರಲ್ಲಿ 2.9ರ ಸಮೀಪವಿದ್ದದ್ದು 2019-21ರಲ್ಲಿ 1.7ಕ್ಕೆ ಇಳಿಯಿತು. ಆ ಕೊನೆಯ ಸಮೀಕ್ಷೆಯಲ್ಲಿ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಶಸ್ತ್ರಚಿಕಿತ್ಸೆಗೆ ಒಳಗಾದವರು. ಪುರುಷರ ಚಿಕಿತ್ಸೆ ಶೇ. 1ನ್ನೂ ಮುಟ್ಟಲಿಲ್ಲ. ಮತದಾನದ ವಯಸ್ಸು 1989ರಲ್ಲಿ 18ಕ್ಕೆ ಇಳಿದ ಮೇಲೆ, ಈ ಸೀಮೆಯ ಅನೇಕ ಹೆಣ್ಣುಮಕ್ಕಳ ಬದುಕಿನಲ್ಲಿ ಮೊದಲ ಮತಕ್ಕೂ ಆಪರೇಷನ್ನಿಗೂ ನಡುವೆ ಉಳಿದದ್ದು ಕೆಲವೇ ವರ್ಷಗಳು.

ಪಂಚಾಯತಿಗಳ ಚರಿತ್ರೆಯಲ್ಲಿ ಈ ಸಂಬಂಧ ಬೇರೊಂದು ರೂಪ ತಾಳಿತು. 1983ರ ಕರ್ನಾಟಕ ಅಧಿನಿಯಮವು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಲ್ಲಿ ಮಹಿಳೆಯರಿಗೆ ಶೇ. 25ರಷ್ಟು ಸ್ಥಾನ ಮೀಸಲಿಟ್ಟಿತು. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಸಂವಿಧಾನದ 73ನೆಯ ತಿದ್ದುಪಡಿಗೆ ಮೊದಲೇ ಕರ್ನಾಟಕ ಇಟ್ಟ ಹೆಜ್ಜೆ ಇದು. ಆ ತಿದ್ದುಪಡಿಯ ನಂತರ ರಾಜಸ್ಥಾನ, ಹರಿಯಾಣ, ಆಂಧ್ರಪ್ರದೇಶ, ಒರಿಸ್ಸಾ ಮೊದಲಾದ ರಾಜ್ಯಗಳು ಇಬ್ಬರಿಗಿಂತ ಹೆಚ್ಚು ಮಕ್ಕಳಿರುವವರು ಪಂಚಾಯತಿಗೆ ಸ್ಪರ್ಧಿಸಬಾರದೆಂಬ ನಿಬಂಧನೆ ತಂದವು. ಕರ್ನಾಟಕದ 1993ರ ಪಂಚಾಯತ್ ರಾಜ್ ಅಧಿನಿಯಮದಲ್ಲಿ ಇಂಥ ನಿಬಂಧನೆ ಇಲ್ಲ. ತುಮಕೂರು ಜಿಲ್ಲೆಗೆ ಇದು ದೂರದ ಮಾತಲ್ಲ. ಜಿಲ್ಲೆಯ ಪಾವಗಡ ತಾಲ್ಲೂಕನ್ನು ಬಹುತೇಕ ಎಲ್ಲ ಕಡೆಯೂ ಆಂಧ್ರದ ನೆಲ ಸುತ್ತುವರಿದಿದೆ. ಕೊಟ್ಟು ತಂದ ಸಂಬಂಧಗಳು ಗಡಿಯ ಎರಡೂ ಕಡೆ ಹರಡಿವೆ. ಪಾವಗಡದಲ್ಲಿ ಮೂರು ಮಕ್ಕಳ ತಾಯಿ ಗ್ರಾಮ ಪಂಚಾಯತಿಗೆ ನಿಲ್ಲಬಹುದಾಗಿತ್ತು. ಗಡಿಯಾಚೆಯ ಮಡಕಶಿರಾಕ್ಕೆ ಮದುವೆಯಾಗಿ ಹೋದ ಅವಳ ತಂಗಿ, 1995ರ ಮೇ ಕೊನೆಯ ನಂತರ ಮೂರನೆಯ ಮಗು ಹುಟ್ಟಿದ್ದರೆ, ನಿಲ್ಲುವಂತಿರಲಿಲ್ಲ. ಸರ್ವೋಚ್ಚ ನ್ಯಾಯಾಲಯವು 2003ರಲ್ಲಿ ಹರಿಯಾಣದ ಜಾವೇದ್ ಪ್ರಕರಣದಲ್ಲಿ ಈ ಬಗೆಯ ನಿಬಂಧನೆಯನ್ನು ಎತ್ತಿಹಿಡಿಯಿತು. ನಿರ್ಮಲಾ ಬುಚ್ ಅವರು ಆಂಧ್ರವೂ ಸೇರಿದಂತೆ ಐದು ರಾಜ್ಯಗಳಲ್ಲಿ ನಡೆಸಿದ ಅಧ್ಯಯನವು, ಹೆಂಡತಿಯನ್ನು ತೊರೆಯುವುದು, ಮಗುವಿನ ಜನನವನ್ನು ಮರೆಮಾಚುವುದು, ಮಗುವನ್ನು ದತ್ತು ಕೊಟ್ಟಂತೆ ತೋರಿಸುವುದು ಮುಂತಾದ ಪರಿಣಾಮಗಳನ್ನು ದಾಖಲಿಸಿದೆ. ಎಷ್ಟು ಮಕ್ಕಳನ್ನು ಹೆರಬೇಕೆಂಬುದನ್ನು ನಿರ್ಧರಿಸುವ ಅಧಿಕಾರವಿಲ್ಲದವಳಿಗೆ ಆ ಸಂಖ್ಯೆಯ ಮೇಲೆ ಅನರ್ಹತೆಯನ್ನು ಹೊರಿಸುವುದು ನ್ಯಾಯವೇ ಎಂಬ ಪ್ರಶ್ನೆಯನ್ನು ಕರ್ನಾಟಕದ ಶಾಸಕಾಂಗ ಎದುರಿಸಬೇಕಾಗಿ ಬರಲಿಲ್ಲ. ಇದನ್ನು ವಿವೇಕವೆನ್ನಬೇಕೋ ಅದೃಷ್ಟವೆನ್ನಬೇಕೋ ಹೇಳುವುದು ಕಷ್ಟ.

ಮಹಿಳೆಯರ ಮತವನ್ನು ಉದ್ದೇಶಪೂರ್ವಕವಾಗಿ ಅರಸುತ್ತ, ಅದರೊಳಗೆ ಸಂತಾನ ಮಿತಿಯನ್ನು ಸೇರಿಸಿದ ಯೋಜನೆಯೊಂದು ನಮ್ಮಲ್ಲಿಯೇ ಬಂದದ್ದು 2006-07ರಲ್ಲಿ. ಜನತಾದಳ (ಜಾತ್ಯತೀತ), ಭಾರತೀಯ ಜನತಾ ಪಕ್ಷಗಳ ಸಮ್ಮಿಶ್ರ ಸರ್ಕಾರದಲ್ಲಿ ಹಣಕಾಸು ಖಾತೆ ಹೊಂದಿದ್ದ ಬಿ. ಎಸ್. ಯಡಿಯೂರಪ್ಪನವರು ಭಾಗ್ಯಲಕ್ಷ್ಮಿ ಯೋಜನೆಯನ್ನು ಪ್ರಕಟಿಸಿದರು. 2006ರ ಮಾರ್ಚ್ 31ರ ನಂತರ ಬಡತನ ರೇಖೆಗಿಂತ ಕೆಳಗಿನ ಕುಟುಂಬದಲ್ಲಿ ಹುಟ್ಟಿದ ಹೆಣ್ಣುಮಗುವಿನ ಹೆಸರಿನಲ್ಲಿ ಠೇವಣಿ ಇಟ್ಟು, ಅವಳಿಗೆ 18 ತುಂಬಿದಾಗ ಹಣ ದೊರೆಯುವಂತೆ ಮಾಡುವುದು ಇದರ ಸ್ವರೂಪ. ಒಂದು ಕುಟುಂಬದಲ್ಲಿ ಇಬ್ಬರು ಹೆಣ್ಣುಮಕ್ಕಳಿಗೆ ಮಾತ್ರ ಸೌಲಭ್ಯ; ಒಟ್ಟು ಮಕ್ಕಳು ಮೂವರನ್ನು ಮೀರಬಾರದು; ತಂದೆ ಅಥವಾ ತಾಯಿ ಶಾಶ್ವತ ಕುಟುಂಬ ಯೋಜನಾ ವಿಧಾನ ಅನುಸರಿಸಿರಬೇಕು ಎಂಬ ಷರತ್ತುಗಳಿದ್ದವು. ನಿಯಮದಲ್ಲಿ 'ತಂದೆ ಅಥವಾ ತಾಯಿ' ಎಂದಿದ್ದರೂ ಯಾರು ಶಿಬಿರಕ್ಕೆ ಹೋದರೆಂಬುದನ್ನು ಮೇಲಿನ ಸಮೀಕ್ಷೆಯ ಅಂಕಿಗಳೇ ಹೇಳುತ್ತವೆ. ಹಳ್ಳಿಗಳಲ್ಲಿ 'ಬಾಂಡ್' ಎಂದೇ ಹೆಸರಾದ ಈ ಪತ್ರವು ಅನೇಕ ತಾಯಂದಿರ ಪೆಟ್ಟಿಗೆ ಸೇರಿತು. 2008ರ ಚುನಾವಣೆಯಲ್ಲಿ ಅದು ಭಾರತೀಯ ಜನತಾ ಪಕ್ಷದ ಸಾಧನೆಗಳ ಪಟ್ಟಿಯಲ್ಲಿ ಮುಂದಿನ ಸಾಲಿನಲ್ಲಿತ್ತು. 1976ರ ನೀತಿ ಮತವನ್ನು ಲೆಕ್ಕಿಸದೆ ದೇಹವನ್ನು ಮುಟ್ಟಿತ್ತು. ಭಾಗ್ಯಲಕ್ಷ್ಮಿಯು ಮತದ ದಾರಿಯಲ್ಲಿಯೇ ದೇಹವನ್ನು ತಲುಪಿತು. ಇದರ ಮುಂದಿನ ಹಂತವೆಂದರೆ 2023ರ ಗೃಹಲಕ್ಷ್ಮಿ. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ನೀಡುವ ಈ ಯೋಜನೆಯಲ್ಲಿ ಮಕ್ಕಳ ಸಂಖ್ಯೆಯ ಪ್ರಸ್ತಾಪವೇ ಇರಲಿಲ್ಲ. ಫಲವಂತಿಕೆ ಇಳಿದಾಗಿತ್ತು, ಮಹಿಳಾ ಮತದಾನ ಪುರುಷರ ಸಮಕ್ಕೆ ಏರಿಯಾಗಿತ್ತು. ಕೇಳುವುದಕ್ಕೆ ಉಳಿದದ್ದು ಮತವೊಂದೇ.

ಇಲ್ಲಿಯವರೆಗೆ ಮಹಿಳೆಯರ ಮತದ ಆಯ್ಕೆಯ ಕುರಿತು ಹೇಳಲಾಯಿತು. ಮತದ ತೂಕದ ಪ್ರಶ್ನೆ ಉಳಿದಿದೆ. 1976ರ ಜನಸಂಖ್ಯಾ ನೀತಿಯ ಮೂರನೆಯ ಅಂಶವು ಸಂವಿಧಾನದ 42ನೆಯ ತಿದ್ದುಪಡಿಯಾಗಿ ಜಾರಿಗೊಂಡು, ಸಂತಾನ ನಿಯಂತ್ರಣದಲ್ಲಿ ಮುಂದಾದ ರಾಜ್ಯಗಳು ಸ್ಥಾನ ಕಳೆದುಕೊಳ್ಳದಂತೆ ತಡೆಯಿತು. 84ನೆಯ ತಿದ್ದುಪಡಿಯು ಅದನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ವಿಸ್ತರಿಸಿತು. 1977ರಲ್ಲಿ 28 ಇದ್ದ ಕರ್ನಾಟಕದ ಲೋಕಸಭಾ ಸ್ಥಾನಗಳು 2024ರ ಚುನಾವಣೆಯಲ್ಲಿಯೂ 28. ತುಮಕೂರು ಜಿಲ್ಲೆಯ ಜನಸಂಖ್ಯೆ 2001ರಲ್ಲಿ 25.8 ಲಕ್ಷವಿದ್ದದ್ದು 2011ರಲ್ಲಿ 26.8 ಲಕ್ಷವಾಯಿತು, ಹತ್ತು ವರ್ಷಗಳಲ್ಲಿ ಶೇ. 4ರಷ್ಟೂ ಬೆಳೆಯಲಿಲ್ಲ. ರಾಜ್ಯದ ಸರಾಸರಿ ಬೆಳವಣಿಗೆ ಆಗ ಶೇ. 15.6. ಬೆಂಗಳೂರಿನ ಕಡೆಗಿನ ವಲಸೆಯೂ ಇದರಲ್ಲಿ ಸೇರಿದೆಯಾದರೂ, ಐವತ್ತು ವರ್ಷಗಳ ಆಪರೇಷನ್ನಿನ ಚರಿತ್ರೆಯನ್ನು ಈ ಅಂಕಿಯಿಂದ ಬೇರ್ಪಡಿಸಲಾಗದು. 2023ರಲ್ಲಿ ಅಂಗೀಕಾರವಾದ 106ನೆಯ ತಿದ್ದುಪಡಿಯು ಲೋಕಸಭೆ, ವಿಧಾನಸಭೆಗಳಲ್ಲಿ ಮಹಿಳೆಯರಿಗೆ ಮೂರನೆಯ ಒಂದು ಭಾಗ ಸ್ಥಾನಗಳನ್ನು ಮೀಸಲಿರಿಸಿತು. ಅದರ ಜಾರಿಯನ್ನು ಮುಂದಿನ ಜನಗಣತಿ ಮತ್ತು ಆ ಬಳಿಕದ ಕ್ಷೇತ್ರ ಪುನರ್ವಿಂಗಡಣೆಗೆ ಜೋಡಿಸಿತು. ಮರುವರ್ಷ, 2024ರ ನವೆಂಬರಿನಲ್ಲಿ, ಆಂಧ್ರಪ್ರದೇಶದ ವಿಧಾನಸಭೆಯು ಎರಡು ಮಕ್ಕಳ ನಿಬಂಧನೆಯನ್ನು ರದ್ದುಪಡಿಸಿತು. ಹೆಚ್ಚು ಮಕ್ಕಳನ್ನು ಹೆರುವಂತೆ ಅಲ್ಲಿನ ಮುಖ್ಯಮಂತ್ರಿ ಅದಕ್ಕೆ ತುಸು ಮುಂಚೆಯೇ ಸಾರ್ವಜನಿಕವಾಗಿ ಕರೆ ನೀಡಿದ್ದರು. ಮಡಕಶಿರಾದ ತಂಗಿಯೂ ಇನ್ನು ಮುಂದೆ ಪಂಚಾಯತಿಗೆ ನಿಲ್ಲಬಹುದು.